ಶಹಾಪುರದ ಕಣ್ಣಿನ ಶಿಬಿರ

ಮೂರು ಪಟ್ಟಿ ಕೊಟ್ಟರು. ಹೆಸರು ಒಂದರಲ್ಲಿ,
ಎಡವೋ ಬಲವೋ ಇನ್ನೊಂದರಲ್ಲಿ,
ಲೆನ್ಸಿನ ನಂಬರು ಮತ್ತೊಂದರಲ್ಲಿ.
ಸಾಲಿಗೆ ಸಾಲು ಕೂಡಿದರಾಯ್ತು, ಅಂದರು.

ಹನ್ನೊಂದನೆಯ ಸಾಬಮ್ಮ ಹೆದರಿ
ನಸುಕಿನ ಬಸ್ಸಿಗೇ ಸಗರಕ್ಕೆ ವಾಪಸು.
ಹೆಸರು ಅಳಿಸಿದೆ.
ಅವಳ ಕಣ್ಣು ಮಾತ್ರ
ಉಳಿದೆರಡು ಪಟ್ಟಿಯಲ್ಲಿ ಅಲ್ಲೇ ಕೂತಿತ್ತು.

ಆಮೇಲೆ ಖಾಜಾಬಿಗೆ ಸಾಬಮ್ಮನ ಬಲಗಣ್ಣು,
ಖಾಜಾಬಿಯ ಎಡಗಣ್ಣು ಬಡಿಗೇರ ಮೌನೇಶನಿಗೆ,
ಹೀಗೇ ಸರಿದು ಸರಿದು
ಕಟ್ಟಕಡೆಗೆ ಒಂದು ಕಣ್ಣು ಉಳಿಯಿತು,
ಯಾರದೂ ಅಲ್ಲದ್ದು.

ನರ್ಸು ಔಷಧ ಹನಿಸಲು ಬಗ್ಗಿದಾಗ
ಖಾಜಾಬಿಯೇ ತಡೆದಳು:
‘ಈ ಕಣ್ಣು ಚಲೋ ಅದ ಯವ್ವಾ,
ಕೆಟ್ಟದ್ದು ಆ ಕಡೀದು.’

ರಾತ್ರಿಯೆಲ್ಲ ಕೂತೆ. ಸೊನ್ನೆಯಿಂದ ಎಣಿಸುತ್ತ
ಮೂರೂ ಎಳೆ ಹಿಡಿದು ಗಂಟು ಹಾಕಿದೆ:
ಒಬ್ಬೊಬ್ಬರಿಗೂ ಒಂದು ಪುಷ್ಪಾವರಣ,
ಅದರೊಳಗೆ ಅವರ ಹೆಸರು, ಅವರದೇ ಕಣ್ಣು, ನಂಬರು.
ಇನ್ನು ಸರಿದರೆ ಇಡೀ ಮನುಷ್ಯನೇ ಸರಿಯಬೇಕು.

ಎಂಟು ದಿನಕ್ಕೆ ಸಾಬಮ್ಮ ಬಂದಳು,
ಸೆರಗಿನ ತುದಿ ಹಿಂಡುತ್ತ:
‘ನನ್ನ ಹೆಸರು ತೆಗದೀರೇನ್ರಿ?’

ಇಲ್ಲ ತಾಯಿ.
ಮತ್ತೆ ಬರೆದು, ನಿನ್ನ ಆವರಣದೊಳಗೆ
ನಾಲ್ಕನೆಯ ಮಾತೊಂದು ಸೇರಿಸಿದ್ದೆ ಅಷ್ಟೆ:
ಹೆದರ್ಯಾಳ, ಬರತಾಳ.