ಹಸಿ ರಟ್ಟು

ಪೇಡೆ ಡಬ್ಬಿಯ ರಟ್ಟು, ಒಂದು ಗೇಣಗಲ.
ಅಂಟು ಬಳಿದು, ಬಿಳಿ ಹಚ್ಚಿ
ರಾತ್ರಿಯೆಲ್ಲ ಕಿಟಕಿಯಲ್ಲಿ ಒಣಗಿಸಿದ್ದು.
ಮೂಗಿಗೆ ಹಿಡಿದರೆ ಇನ್ನೂ ಏಲಕ್ಕಿ.

ಡಂಬಳದ ಕೆರೆಯ ಏರಿಯ ಮೇಲೆ ಏಳು ಗಂಟೆಗೆ
ಮುಕ್ಕಾಲಿ ಊರಿದೆ. ಒಂದು ಕಾಲು ಎರೆಮಣ್ಣಿಗಿಳಿದು
ಕಪ್ಪತಗುಡ್ಡ ಎಡಕ್ಕೆ ವಾಲಿತು.
ನಲವತ್ತು ನಿಮಿಷ, ಅನ್ನುತ್ತಿದ್ದರು ಕಟಗೇರಿ ಸರ್,
ಅಷ್ಟರಾಗ ಹಿಡದ್ರ ಹಿಡದಿ,
ಆಮ್ಯಾಲ ನೀ ಬರಿಯೂದು ಬಿಸಲಲ್ಲ, ಬಿಸಲಿನ ನೆನಪು.

ಗುಡ್ಡ ನೀಲಿಯಲ್ಲ. ನೇರಳೆಯೂ ಅಲ್ಲ.
ಬದನೆಕಾಯಿಯ ತೊಟ್ಟು ಸರಿಸಿದರೆ ಕೆಳಗೆ
ಬಿಸಿಲು ತಾಗದೆ ಉಳಿದಿರುತ್ತದಲ್ಲ, ಅದು.
ನೀಲಿಗೆ ಚೂರು ಇಟ್ಟಂಗಿ ಕೆಂಪು, ಬಿಳಿ, ಮತ್ತೆ ಬಿಳಿ,
ಸುಣ್ಣವಾಯಿತು. ಒರೆಸಿದೆ.
ಗಾಳಿಯಂತ್ರಗಳನ್ನು ಬರೆಯಲೋ ಬಿಡಲೋ
ಎನ್ನುವುದರೊಳಗೆ ಮೋಡವೊಂದು ಬಂದು
ನೆರಳುಗಳನ್ನೆಲ್ಲ ಬೇರೆ ಕಡೆ ಇಟ್ಟು ಹೋಯಿತು.

ಮೇಲೆ ಗಾಳಿ. ಹಸಿ ಬಣ್ಣಕ್ಕೆ ಒಂದು ಚಿಟಿಕೆ ಮಣ್ಣು ಎರಚಿತು.
ಹೊಲದ ಜಾಗದಲ್ಲಿ ಬಿದ್ದದ್ದನ್ನು ಹಾಗೇ ಬಿಟ್ಟೆ,
ಅದು ಹೊಲವೇ.
ಆಕಾಶಕ್ಕೆ ಬಿದ್ದದ್ದನ್ನು ಉಗುರಿನಿಂದ ಒಂದೊಂದಾಗಿ ಹೆಕ್ಕಿದೆ.

ಗದಗಿನ ಬಸ್ಸು. ಹಸಿ ಚಿತ್ರ ಒಯ್ಯುವುದೆಂದರೆ
ತುಂಬಿದ ಹಾಲಿನ ಗಿಂಡಿ ಹಿಡಿದು ಜಾತ್ರೆಯಂಥ ಮಂದಿಯಲ್ಲಿ ನಿಂತ ಹಾಗೆ.
ಡ್ರೈವರ್ ಬ್ರೇಕ್ ಒತ್ತಿದ,
ಮುಂದಿನಾಕೆಯ ಹಳದಿ ಸೆರಗಿಗೆ
ಎರಡಂಗುಲ ಗುಡ್ಡ ಹತ್ತಿಬಿಟ್ಟಿತು.

ಬೈಯುತ್ತಾಳೆಂದು ಕಣ್ಣು ಮುಚ್ಚಿದೆ.
ಆಕೆ ಸೆರಗು ಮೂಸಿ ನೋಡಿದಳು.
‘ಅಗಸಿ ಎಣ್ಣಿ ಹೌದಿಲ್ಲೊ ತಂಗಿ?’
‘ಹೌದ್ರಿ, ಬಣ್ಣ ಕಲಸಾಕ.’
‘ನಾವು ಚಟ್ನಿ ಕುಟ್ಟತೀವಿ.’
ಶಾವಂತ್ರೆವ್ವ. ಕಡಕೋಳದಾಕೆ, ಗುಡ್ಡದ ಆಚೆ ಮಗ್ಗುಲು.
‘ನಮ್ಮ ಹೊಲದಾಗ ಈಗ ಅಗಸಿ ಹೂ ಬಿಟ್ಟೈತಿ,
ಥೇಟ್ ಹಿಂಗ.
ಈ ಮಗ್ಗಲಾ ನಿಂತು ಏನ್ ಕಾಣತೈತಿ ನಿನಗ?
ಬರೇ ಬೆನ್ನು.’

ಸೀಮೆಎಣ್ಣೆ ಹಚ್ಚಿದರೆ ಹೋಗುತ್ತದೆ, ಅಂದೆ.
ಹೋದೀತು ತಗೋ, ಎಂದು
ಶಿರಹಟ್ಟಿ ಬಸ್ಸಿಗೆ ಓಡಿದಳು,
ಭುಜದ ಮೇಲೆ ನನ್ನ ಬೆಳಗಿನ ಅರ್ಧ ತಾಸು ಹೊತ್ತು.

ಮನೆಯಲ್ಲಿ ರಟ್ಟು ಗೋಡೆಗೆ ಆನಿಸಿದೆ.
ಬಲತುದಿಯಲ್ಲಿ ಗುಡ್ಡವಿಲ್ಲ,
ಸೀರೆಯ ನೇಯ್ಗೆಯ ಗೆರೆಗಳು ಸಣ್ಣಗೆ ಮೂಡಿವೆ.
ತುಂಬಲೆಂದು ಕುಂಚ ಎತ್ತಿದೆ. ಏನಂತ ತುಂಬಲಿ?
ನಾನು ಆ ಕಡೆ ಹೋಗಿಯೇ ಇಲ್ಲ.

ಅಗಸೆ ಹೂ ಮಧ್ಯಾಹ್ನದೊಳಗೆ ಉದುರುತ್ತದಂತೆ.
ಮೊದಲ ಬಸ್ಸು ಎಷ್ಟಕ್ಕೆ, ಕೇಳಬೇಕು.
ರಟ್ಟೂ ಮುಗಿದಿದೆ,
ಇನ್ನೊಂದು ಡಬ್ಬಿ ಪೇಡೆ ಖಾಲಿಯಾಗಬೇಕು.