ಗೇರೆಣ್ಣೆ

ಗೇರೆಣ್ಣೆ ಅಂದರೆ ನನಗೆ ಮೊದಲು ನೆನಪಾಗುವುದು
ಸಂತೆಕಟ್ಟೆಯ ಗೋಡಂಬಿ ಕಾರ್ಖಾನೆ,
ಸಿಪ್ಪೆ ಒಡೆದಾಗ ಬೆರಳಿಗೆ ಹತ್ತುತ್ತಿದ್ದ ಕಪ್ಪು,
ಚರ್ಮ ಸುಲಿದು ಹೋದ ಮೇಲೂ ಹೋಗದ ಕಲೆ.
ಆರು ವರ್ಷ ಆ ಎಣ್ಣೆ ತಿಂದ ಬೆರಳುಗಳಲ್ಲೇ
ಆಮೇಲೆ ಸ್ಟಿಯರಿಂಗ್ ಹಿಡಿದೆ, ಆಮೇಲೆ ಹಿಡಿಸಿದೆ:
ಬೀಡಿನಗುಡ್ಡೆ ಮೈದಾನದಲ್ಲಿ, ಹತ್ತೊಂಬತ್ತು ವರ್ಷ,
ಕೆಂಪು ‘ಎಲ್’ ಹೊತ್ತ ಇದೇ ಮಾರುತಿಯಲ್ಲಿ.

ಈಗ ಅದಕ್ಕೆ ಎರಡನೇ ಗೇರು ಬೀಳುವುದಿಲ್ಲ.
ಬೆಳಿಗ್ಗೆ, ಇಂಜಿನ್ ತಣ್ಣಗಿರುವಾಗ,
ಅಕ್ಕಿಯಲ್ಲಿ ಕಲ್ಲು ಸಿಕ್ಕಿದ ಗ್ರೈಂಡರಿನ ಸದ್ದು.
ಕಲಿಯುವವರು ಬೆಚ್ಚಿ ನನ್ನ ಮುಖ ನೋಡುತ್ತಾರೆ.
“ನಿಮ್ಮ ತಪ್ಪಲ್ಲ” ಅನ್ನುತ್ತೇನೆ.
ಫೀಸು ಕೊಟ್ಟವರಿಗೆ ಹಾಗೆ ಅನ್ನಬೇಕು.
ಈ ಸಲ ಮಾತ್ರ ನಿಜವಾಗಿಯೂ ಅವರ ತಪ್ಪಲ್ಲ.

ಆದಿ ಉಡುಪಿಯ ಸ್ಪೇರ್ ಪಾರ್ಟ್ಸ್ ಅಂಗಡಿಯ ಹುಡುಗ
ಎರಡು ಡಬ್ಬ ಮುಂದಿಟ್ಟ. ಒಂದು ಜಿಎಲ್ ನಾಲ್ಕು,
ಇನ್ನೊಂದು ಜಿಎಲ್ ಐದು.
“ಐದೇ ತಗೊಳ್ಳಿ ಮೇಡಂ, ನಾಲ್ಕಕ್ಕಿಂತ ಒಂದು ಹೆಚ್ಚಲ್ವಾ,
ರೇಟಿನಲ್ಲಿ ಬರೀ ಅರವತ್ತು ರೂಪಾಯಿ ವ್ಯತ್ಯಾಸ.”
ಕಳೆದ ಸಲವೂ ಯಾರೋ ಹೀಗೇ ಹೇಳಿದ್ದರು.
ನಾನೂ ಹೆಚ್ಚಿನದನ್ನೇ ಕೊಂಡಿದ್ದೆ.
ಈ ಸಲ ಎರಡನ್ನೂ ಹೊತ್ತು ಗ್ಯಾರೇಜಿಗೆ ಬಂದೆ.

ಉಪೇಂದ್ರಾಚಾರ್ಯರು ಕಾರಿನಡಿಯಿಂದ ತಲೆ ಹೊರಹಾಕಿ
“ಐದರದ್ದು ಮುಚ್ಚಳ ತೆಗೆದು ಮೂಸಿ” ಅಂದರು.
ಮೂಸಿದೆ. ದೀಪಾವಳಿಯ ಮರುದಿನದ ಅಂಗಳ.
“ಗಂಧಕ. ಲಾರಿಯ ಹಿಂದಿನ ಆಕ್ಸಲಿಗೆ ಅದು ಬೇಕು.
ನಿಮ್ಮದರ ಒಳಗೆ ಹಿತ್ತಾಳೆಯ ಬಳೆಗಳುಂಟು ಅಮ್ಮ,
ಗೇರಿಗೊಂದರಂತೆ. ನನ್ನ ಅಪ್ಪ ಕಾಲುದೀಪ ಎರೆಯುತ್ತಿದ್ದವರು,
ಹಿತ್ತಾಳೆಗೆ ಯಾವುದು ಆಗುವುದಿಲ್ಲ ಅಂತ
ನನಗೆ ಡಬ್ಬ ಹೇಳಬೇಕಾಗಿಲ್ಲ.”
ನಾನು ನನ್ನ ಬೆರಳಿನ ಕಲೆ ನೋಡಿಕೊಂಡೆ.

ಆಮೇಲೆ ಎರಡು ಬೆರಳು ತಿಕ್ಕಿ ತೋರಿಸಿದರು:
ತಿರುಗುವ ಹಲ್ಲನ್ನು ಬಳೆ ಮೊದಲು ಮುಟ್ಟಬೇಕು,
ಮುಟ್ಟಿ, ಹಿಡಿದು, ತನ್ನ ವೇಗಕ್ಕೆ ತರಬೇಕು,
ಗೇರು ಆಮೇಲೆ. ಎಣ್ಣೆ ಅತಿ ನುಣುಪಾದರೆ ಹಿಡಿತ ತಪ್ಪುತ್ತದೆ.
“ಜಾರಲಿಕ್ಕೇ ಅಲ್ಲವಾ ಎಣ್ಣೆ?” ಎಂದೆ.
“ಜಾರಲಿಕ್ಕೆ ಹೌದು. ಪೂರ್ತಿ ಅಲ್ಲ.”

ಕೆಳಗಿನ ಬೋಲ್ಟ್ ಬಿಚ್ಚಿದಾಗ ಹಳೆಯದು ಇಳಿಯಿತು,
ಜೋನಿಬೆಲ್ಲದ ಹಾಗೆ, ಅವಸರವಿಲ್ಲದೆ.
ಬೋಲ್ಟಿನ ಮೂತಿಯ ಕಾಂತಕ್ಕೆ ಕಬ್ಬಿಣದ ಹುಡಿ
ಮೂರು ದಿನದ ಗಡ್ಡದಂತೆ. ಒರೆಸಿ ಬಿಸಾಡಿದರು.
ಕಾಂತ ಹಿಡಿಯದ್ದು ಬೋಗುಣಿಯಲ್ಲಿ ಉಳಿಯಿತು.
ಬಿಸಿಲಿಗೆ ಓರೆ ಮಾಡಿದರೆ ಚಿನ್ನದ ಧೂಳು
ಎಣ್ಣೆಯ ತುಂಬ. ಹಿತ್ತಾಳೆ.

ಇದರಲ್ಲಿ ನನ್ನ ಅರವತ್ತು ರೂಪಾಯಿಯ ಬುದ್ಧಿವಂತಿಕೆ ಎಷ್ಟು,
ಕ್ಲಚ್ಚು ತುಳಿಯದೆಯೇ ಎಳೆದ ಸಿಸ್ಟರ್ ಎಮಿಲ್ಡಾ ಎಷ್ಟು,
ಗೇರು ಹಾಕುವಾಗಲೆಲ್ಲ ಕಣ್ಣು ಮುಚ್ಚುತ್ತಿದ್ದ
ಅಂಚೆಯ ಶೀನ ಪೂಜಾರಿ ಎಷ್ಟು,
ಮೂರು ಸಲ ಫೇಲಾಗಿ ನಾಲ್ಕನೆಯದಕ್ಕೆ ಲಡ್ಡು ತಂದ
ಆ ಮಣಿಪಾಲದ ನರ್ಸ್ ಎಷ್ಟು,
ಬೋಗುಣಿ ಬೇರ್ಪಡಿಸಿ ಹೇಳುವುದಿಲ್ಲ.
“ಸವೆದದ್ದು ಎಣ್ಣೆಯಿಂದ ವಾಪಸು ಬರುವುದಿಲ್ಲ” ಎಂದರು ಆಚಾರ್ಯರು,
“ಉಳಿದದ್ದು ಉಳಿಯಬಹುದು.”

ನಾಲ್ಕನ್ನೇ ಹೊಯ್ದೆವು, ಎಪ್ಪತ್ತೈದು-ತೊಂಬತ್ತರದ್ದು,
ಮೇಲಿನ ತೂತಿನಿಂದ ಒಂದು ಹನಿ ಉಕ್ಕಿ ಬರುವವರೆಗೆ.
ಡ್ಯಾಶ್‌ಬೋರ್ಡಿನ ಕೈಪಿಡಿಯಲ್ಲೂ ಅದನ್ನೇ ಬರೆದಿತ್ತು.
ಹತ್ತೊಂಬತ್ತು ವರ್ಷ ಅದರ ಮೇಲೆ ಬರೀ ಫೀಸಿನ ರಸೀದಿ ಇಟ್ಟಿದ್ದೆ.

ಮರುದಿನ ಆರೂವರೆಗೆ ಯಮುನಾ ಮೆಂಡನ್,
ಮಲ್ಪೆ ಬಂದರಿನಿಂದ ನೇರ. ಐವತ್ತೆರಡು ವರ್ಷ,
ಮೀನಿನ ಟೆಂಪೋ ಇನ್ನು ತಾನೇ ಓಡಿಸಬೇಕಂತೆ.
ಕಿನ್ನಿಮೂಲ್ಕಿಯ ಏರಿನಲ್ಲಿ “ಎರಡು” ಎಂದೆ.
ಒಂದರಿಂದ ತೆಗೆದಳು. ನಡುವೆ ಒಂದು ಉಸಿರು ನಿಂತಳು,
ಅದನ್ನು ನಾನಿನ್ನೂ ಹೇಳಿಕೊಟ್ಟಿರಲಿಲ್ಲ.
ಬಿತ್ತು.

“ಕೇಳಿತಾ?” ಎಂದೆ.
“ಎಂತದು?” ಗಾಬರಿಯಲ್ಲಿ ಬ್ರೇಕು ತುಳಿದಳು,
ಹಿಂದಿನ ಬಸ್ಸು ಹಾರ್ನು ಹೊಡೆಯಿತು,
ಗಾಡಿ ನಿಂತೇ ಹೋಯಿತು.
“ಏನಿಲ್ಲ ಯಮುನಕ್ಕ. ಮತ್ತೆ ಒಂದಕ್ಕೆ ಹಾಕಿ.”