ಹನ್ನೊಂದು ಸಾಲಿನ ಹೆಂಗಸು

ಹ್ಯಾಲಿಫ್ಯಾಕ್ಸಿನ ವಾಚನಾಲಯದಿಂದ ಮತ್ತೆ ಬಂದಿದೆ
ಅದೇ ಕಾದಂಬರಿ, ಬೆನ್ನು ಮುರಿದುಕೊಂಡು.
ಕಲ್ಲಿದ್ದಲ ಗಾಡಿಗೆ ಮಾರಿಹೋದ ಕುದುರೆಯ ಕಥೆ;
ಮೂರನೆಯ ಸಲ ಹೊಲಿಯುತ್ತಿದ್ದೇನೆ.
ಜನ ಪುಟ ಮಡಿಸಿಟ್ಟು ಅಳುತ್ತಾರೆ.
ಅತ್ತದ್ದು ಅವರು, ಹರಿದದ್ದು ನನ್ನ ಪಾಲು.

ಈ ಸಲ ಕಳಚಿ ಬಂದದ್ದು ಒಂದೇ ಹಾಳೆ,
ಇನ್ನೂರ ಹದಿಮೂರು.
ಕುದುರೆ ಸಾಯುವ ಪುಟವಲ್ಲ,
ಯಜಮಾನ ಚಾವಟಿ ಎತ್ತುವ ಪುಟವೂ ಅಲ್ಲ.
ಮಂಜುಗಟ್ಟಿದ ಏರುಬೀದಿ. ನಸುಕಿನ ನಾಲ್ಕು ಗಂಟೆ.
ಒಬ್ಬ ಹೆಂಗಸು, ಎಡಗೈಯಲ್ಲಿ ತಗಡಿನ ಬಕೀಟು,
ತನ್ನ ಒಲೆಯ ಬೂದಿ, ಪಕ್ಕದವರ ಒಲೆಯ ಬೂದಿ,
ಕೇಳಿ ತಂದದ್ದು, ಕೇಳದೆ ತಂದದ್ದು,
ಗಾಡಿಯ ಮುಂದೆ ಮುಂದೆ ಹಿಮ್ಮುಖವಾಗಿ ಏರುತ್ತಾ
ಚೆಲ್ಲುತ್ತಾಳೆ, ಕೋಳಿಗೆ ಕಾಳು ಎಸೆದ ಹಾಗೆ.
ಗೊರಸು ಜಾರುವುದಿಲ್ಲ.
ಗಾಡಿಯವನು ಕೇಳುತ್ತಾನೆ:
"ಇದಕ್ಕೆಲ್ಲ ಯಾರು ಕೊಡ್ತಾರೆ ನಿಂಗೆ ಕೂಲಿ?"
"ನಿದ್ದೆ ಬರುತ್ತೆ," ಅನ್ನುತ್ತಾಳೆ.
ಅಷ್ಟೇ. ಹನ್ನೊಂದು ಸಾಲು.
ಕಾದಂಬರಿ ದಿಬ್ಬ ಹತ್ತಿ ಹೊರಟುಹೋಗುತ್ತದೆ.

ಬರೆದಾತ ಕುದುರೆಗಳಿಗೆಲ್ಲ ಹೆಸರಿಟ್ಟಿದ್ದಾನೆ,
ಒಂದು ಹೇಸರಗತ್ತೆಗೂ.
ಇವಳು ಬರೀ "ಬೂದಿಯವಳು".
ನಾನೇ ಇಟ್ಟೆ: ಕೆಜಾಯ ಕ್ರೌದರ್.
ನಮ್ಮ ಚಾಪೆಲಿನ ಹಿಂದಿನ ಬೆಂಚಿಗೆ ಒಪ್ಪುವ ಹೆಸರು.
ಬಲಗೈಯ ಎರಡು ಬೆರಳು ಗಿರಣಿಗೆ ಹೋಗಿರಬೇಕು,
ಇಲ್ಲದಿದ್ದರೆ ಬಕೀಟು ಎಡಗೈಗೆ ಯಾಕೆ?

ಹಾಳೆಯ ಅಂಚಿನಲ್ಲಿ ಹೆಬ್ಬೆಟ್ಟುಗಳು:
ಮಸಿಯದು, ಉಣ್ಣೆಯೆಣ್ಣೆಯದು, ಒಂದು ಜಾಮಿನದು.
ಯಾರೋ ಪೆನ್ಸಿಲಿನಲ್ಲಿ, "ನಮ್ಮತ್ತೆ ಹೀಗೇ".
ವಾಚನಾಲಯದವರು ಅಳಿಸಹೋಗಿ
ಅರ್ಧಕ್ಕೆ ಬಿಟ್ಟಿದ್ದಾರೆ.

ಅಂಟಿನ ಕುಡಿಕೆ ಕುದಿಯುತ್ತಿದೆ.
ಹೇಳಬಾರದು, ಹೇಳುತ್ತೇನೆ:
ಈ ಅಂಟು ಬರುವುದು ಕಾಲುವೆಯಾಚೆಯ ಕಟುಕರ ಅಂಗಳದಿಂದ.
ಕಾಲು ಮುರಿದವು, ಉಬ್ಬಸ ಹಿಡಿದವು, ಗಾಡಿಗೆ ಸಾಲದಾದವು,
ಅಲ್ಲಿ ತೊಗಲು ಒಂದು ಕಡೆ, ಗೊರಸು ಒಂದು ಕಡೆ.
ಇಪ್ಪತ್ತಾರು ವರ್ಷದಿಂದ ಈ ನಾತವೇ ನನಗೆ ರೊಟ್ಟಿಯ ವಾಸನೆ.
ಕುದುರೆಯ ಕಥೆಯನ್ನು ಇಷ್ಟು ದಿನ
ಚದುರದಂತೆ ಹಿಡಿದದ್ದು
ಬರೆದವನಲ್ಲ, ನಾನಲ್ಲ,
ಕುದುರೆ.

ಕುಂಚ ಎತ್ತಿದೆ. ಇಟ್ಟೆ.
ಹಿಟ್ಟು ಕಲಸಿ, ಗಂಜಿ ಕಾಸಿ,
ಆ ಒಂದು ಹಾಳೆಯನ್ನು ಮಾತ್ರ ಅದರಲ್ಲಿ ಅಂಟಿಸಿದೆ.
ಹೆಚ್ಚು ದಿನ ತಾಳದು, ಇಲಿ ತಿನ್ನುತ್ತದೆ, ಗೊತ್ತು.
ಉಳಿದ ಬೆನ್ನಿಗೆ ಅದೇ ಅಂಟು. ಬೇರೆ ಇಲ್ಲ.

ರಾತ್ರಿ ಮಂಜು ಗಟ್ಟಿಯಾಯಿತು. ನಿದ್ದೆ ಬರಲಿಲ್ಲ.
ಅಗ್ಗಿಷ್ಟಿಕೆ ಬಳಿದು, ಬೂದಿ ಹೊತ್ತು ಬೀದಿಗೆ ಹೋದೆ.
ಹಾಲಿನ ಗಾಡಿ ಬರುತ್ತಿತ್ತು.
ಅವಳ ಹಾಗೆ ಹಿಮ್ಮುಖ ಏರಹೋಗಿ
ಕುಂಡೆಯ ಮೇಲೆ ಬಿದ್ದೆ.
ಗಾಳಿ ಅರ್ಧ ಬೂದಿಯನ್ನು ಮಿಸೆಸ್ ಅಕ್‌ರಾಯ್ಡ್
ಉಜ್ಜಿಟ್ಟ ಬಿಳಿ ಮೆಟ್ಟಿಲಿಗೆ ಬಳಿಯಿತು;
ಕಿಟಕಿ ತೆರೆದು ಆಕೆ ಅಂದದ್ದನ್ನು
ಯಾವ ಕಾದಂಬರಿಯೂ ಅಚ್ಚು ಹಾಕದು.
ಮುದಿ ಕುದುರೆ ನನ್ನತ್ತ ನೋಡಲಿಲ್ಲ.
ಒಂದು ಗೊರಸು ಬೂದಿಯ ಮೇಲೆ. ಇನ್ನೊಂದು.
ಮೂರನೆಯದು ತುಸು ಜಾರಿ
ಕಚ್ಚಿ ನಿಂತಿತು.

ಬಿದ್ದಲ್ಲಿಂದಲೇ ಕಂಡದ್ದು,
ಹನ್ನೊಂದು ಸಾಲಿನಲ್ಲಿ ಇಲ್ಲದ್ದು:
ಹಿಮ್ಮುಖ ನಡೆದರೆ
ಬೂದಿಯೆಲ್ಲ ಕುದುರೆಯ ಕಾಲಿಗೆ,
ಬರೀ ಮಂಜುಗಲ್ಲು ಅವಳ ಕಾಲಿಗೆ.

ಇನ್ನೂ ನೋಯುತ್ತಿದೆ.
ಎಂಟು ಗಂಟೆಗೆ ಅಂಟಿನ ಕೆಳಗೆ
ಬೆಂಕಿ ಹಾಕಿದೆ.